ನೇತ್ರಾಣಿಗೆ ಬರೋರು ಆಕಾಶ ನೋಡ್ತೀರಿ, ನಾವು ತೆರೆ ನೋಡ್ತೀವಿ

ಮುರುಡೇಶ್ವರದ ಹತ್ರ ಕಡಲಲ್ಲಿರೋ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಸೀಸನ್ ಶುರುವಾದ್ರೆ ಫೋನ್‌ನಲ್ಲಿ ಎಲ್ಲರೂ ಕೇಳೋದು ಒಂದೇ, "ಸಾರ್, ಅಲ್ಲಿ ಮಳೆ ಇದ್ಯಾ?" ಬೆಂಗಳೂರಲ್ಲಿ ರಾತ್ರಿ ಬಸ್ ಹತ್ತೋ ಮುಂಚೆ ಒಂದ್ಸಲ, ಹೊನ್ನಾವರ ದಾಟೋವಾಗ ಒಂದ್ಸಲ, ಬೆಳಗ್ಗೆ ಮುರುಡೇಶ್ವರದ ರೂಮ್ ಬಾಲ್ಕನಿಯಿಂದ ಇನ್ನೊಂದ್ಸಲ. ತೆರೆ ಹೇಗಿದೆ, ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತ ಕೇಳೋರು ಅಪರೂಪ. ಡೈವ್ ಇನ್‌ಸ್ಟ್ರಕ್ಟರ್ ಆಗಿ ನನಗೆ ಬರೀ ಮಳೆ ಅಷ್ಟು ದೊಡ್ಡ ವಿಷಯನೇ ಅಲ್ಲ, ಹೇಗಿದ್ರೂ ಒದ್ದೆ ಆಗೋಕೇ ತಾನೇ ಬಂದಿರೋದು. ಗಾಳಿ ಇಲ್ಲದ ದಿನ ಸಣ್ಣ ಮಳೆ ಹೊಡೀತಿದ್ರೆ ಕೆಳಗೆ ಹೋದ್ಮೇಲೆ ಅದು ಗೊತ್ತೂ ಆಗಲ್ಲ, ಬೆಳಕು ಸ್ವಲ್ಪ ಕಮ್ಮಿ ಅಷ್ಟೇ. ಸಿಡಿಲು ಮಾತ್ರ ಬೇರೆ ಲೆಕ್ಕ. ಏಪ್ರಿಲ್-ಮೇನಲ್ಲಿ ಮಧ್ಯಾಹ್ನದ ಮೇಲೆ ಘಟ್ಟದ ಕಡೆ ಮೋಡ ಕಪ್ಪಗಾಗಿ ಗುಡುಗೋಕೆ ಶುರುವಾದ್ರೆ ಯಾರನ್ನೂ ನೀರಿಗೆ ಇಳಿಸಲ್ಲ, ಬೆನ್ನ ಮೇಲೆ ಸಿಲಿಂಡರ್ ಹೊತ್ಕೊಂಡು ಬಯಲು ಕಡಲಲ್ಲಿ ತಲೆ ಎತ್ತೋ ಜಾಗ ಅಲ್ಲ ಅದು.

ನನ್ನ ಕೆಲಸದಲ್ಲಿ ಕೆಟ್ಟ ಹವಾಮಾನ ಅಂದ್ರೆ ಬಹಳಷ್ಟು ಸಲ ನೀಲಿ ಆಕಾಶ ಇರೋ ದಿನನೇ. ಇದನ್ನ ಗೆಸ್ಟ್‌ಗಳಿಗೆ ನಂಬಿಸೋದೇ ಕಷ್ಟ. ದಡದಲ್ಲಿ ಬಿಸಿಲು ಹೊಳೀತಿದೆ, ನಾವು ನೋಡಿದ್ರೆ ಟ್ರಿಪ್ ಕ್ಯಾನ್ಸಲ್ ಅಂತೀವಿ, ಅವರಿಗೆ ನಾವು ಏನೋ ನೆಪ ಹೇಳ್ತಿದೀವಿ ಅನ್ಸುತ್ತೆ.

ವಿಷಯ ಇರೋದು ತೆರೆಯ ಎತ್ತರಕ್ಕಿಂತ ಜಾಸ್ತಿ ಅದರ ಪೀರಿಯಡ್‌ನಲ್ಲಿ, ಅಂದ್ರೆ ಒಂದು ತೆರೆ ದಾಟಿ ಇನ್ನೊಂದು ಬರೋಕೆ ಎಷ್ಟು ಸೆಕೆಂಡ್ ಹಿಡಿಯುತ್ತೆ ಅನ್ನೋದ್ರಲ್ಲಿ. ಇಲ್ಲೇ ಹತ್ತಿರದ ಗಾಳಿಗೆ ಎದ್ದ ತೆರೆ 4-5 ಸೆಕೆಂಡಿಗೆ ಒಂದು ಬರುತ್ತೆ, ನೋಡೋಕೆ ಗಲಾಟೆ, ಬೋಟ್ ಮೇಲೆ ಹೊಟ್ಟೆ ತೊಳಸುತ್ತೆ, ಆದ್ರೆ ಅದರ ಜೋರೆಲ್ಲ ಮೇಲ್ಮೈಯಲ್ಲೇ. 1 ಮೀಟರ್ ಎತ್ತರದ 5 ಸೆಕೆಂಡಿನ ತೆರೆ ಅಂತ ಇಟ್ಕೊಳ್ಳಿ, 12 ಮೀಟರ್ ಆಳದ ತಳದಲ್ಲಿ ಅದು ನೀರನ್ನ ಅಲುಗಾಡಿಸೋದು ಒಂದು ಅಡಿ ಆಚೆ ಈಚೆ ಅಷ್ಟೇ. ಅದೇ 1 ಮೀಟರ್ ಎತ್ತರ, ಆದ್ರೆ 14 ಸೆಕೆಂಡಿಗೆ ಒಂದು ಬರೋ ತೆರೆ ಆದ್ರೆ? ದಡದಿಂದ ನೋಡಿದ್ರೆ ಕಣ್ಣಿಗೆ ಬೀಳೋದೂ ಕಷ್ಟ, ಸಮುದ್ರ ಮೆತ್ತಗೆ ಉಸಿರಾಡ್ತಿದೆ ಅನ್ನೋ ಥರ ಇರುತ್ತೆ, ಆದ್ರೆ ಅದೇ 12 ಮೀಟರ್ ಕೆಳಗೆ ನಿಮ್ಮನ್ನ ಹೆಚ್ಚುಕಮ್ಮಿ 2 ಮೀಟರ್ ಆ ಕಡೆ ಎಳ್ಕೊಂಡು ಹೋಗಿ ಮತ್ತೆ 2 ಮೀಟರ್ ಈ ಕಡೆ ತಂದು ಬಿಡುತ್ತೆ. ಇದನ್ನೇ ನಾವು ಸರ್ಜ್ ಅನ್ನೋದು. ಪಕ್ಕದಲ್ಲಿ ಬಂಡೆ, ಬಂಡೆ ಮೇಲೆ ಹವಳ, ಹವಳದ ಸಂದಿಯಲ್ಲಿ ವಿಷದ ಮುಳ್ಳಿನ ಲಯನ್ ಫಿಶ್ ಇರೋ ಜಾಗದಲ್ಲಿ 2 ಮೀಟರ್ ಅಂದ್ರೆ ತುಂಬಾ ದೂರ ಕಣ್ರೀ.

ಈ ಉದ್ದ ತೆರೆಗಳು ಹುಟ್ಟೋದು ನಮ್ಮ ಕಡಲಲ್ಲಿ ಅಲ್ಲ. ಮಳೆಗಾಲಕ್ಕೆ ಮುಂಚೆ, ಏಪ್ರಿಲ್-ಮೇ ಹೊತ್ತಿಗೆ, ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಎಲ್ಲೋ ಬಿರುಗಾಳಿ ಎದ್ದಿರುತ್ತೆ, ಅಲ್ಲಿಂದ ಸಾವಿರಾರು ಕಿಲೋಮೀಟರ್ ದಾಟಿ ದಿನಗಳಾದ್ಮೇಲೆ ತೆರೆ ಇಲ್ಲಿಗೆ ಬರುತ್ತೆ. ಕೇರಳದ ಮೀನುಗಾರರು ಇದಕ್ಕೆ ಕಳ್ಳಕ್ಕಡಲ್ ಅಂತಾರೆ, ಈಗ ಕಡಲ ಮುನ್ಸೂಚನೆ ಕೊಡೋ ಸರ್ಕಾರಿ ಸಂಸ್ಥೆ, ಹೈದರಾಬಾದ್‌ನ ಇನ್‌ಕಾಯ್ಸ್‌ನವರೂ ಎಚ್ಚರಿಕೆ ಕೊಡೋವಾಗ ಅದೇ ಹೆಸರು ಬಳಸ್ತಾರೆ. 2024ರ ಮೇ ಮೊದಲ ವಾರ ಕೇರಳ, ತಮಿಳುನಾಡು ಕರಾವಳಿಗೆ ಅಂಥ ಎಚ್ಚರಿಕೆ ಇತ್ತು, ಚಂಡಮಾರುತ ಗಿಂಡಮಾರುತ ಏನೂ ಇಲ್ಲ, ಆದ್ರೂ ಮೇ 6ಕ್ಕೆ ಕನ್ಯಾಕುಮಾರಿ ಜಿಲ್ಲೆಯ ಬೀಚ್ ಒಂದರಲ್ಲಿ 5 ಜನ ಮೆಡಿಕಲ್ ವಿದ್ಯಾರ್ಥಿಗಳು ತೆರೆಗೆ ಸಿಕ್ಕಿ ತೀರಿಕೊಂಡ್ರು. ಇನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅರಬ್ ದೇಶಗಳ ಕಡೆ ಶಮಾಲ್ ಅಂತ ಗಾಳಿ ಬೀಸುತ್ತೆ, ಅದು ಎಬ್ಬಿಸಿದ ತೆರೆ ವಾಯವ್ಯದಿಂದ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತೆ. ಆಮೇಲೆ ಚಂಡಮಾರುತ. 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್ ಬಂತಲ್ಲ, ಅದು ಕರಾವಳಿ ಬಿಟ್ಟು ಪಶ್ಚಿಮಕ್ಕೆ ದೂರ ದೂರ ಹೋಗ್ತಿತ್ತು, ಟಿವಿಯಲ್ಲಿ "ಅಪಾಯ ತಪ್ಪಿತು" ಅನ್ನೋ ಮಾತು, ಇಲ್ಲಿ ಕಡಲು ಮಾತ್ರ ಇಳಿದಿರಲಿಲ್ಲ, ಅಷ್ಟರಲ್ಲೇ ಹಿಂದಿಂದ ಮಹಾ ಅಂತ ಇನ್ನೊಂದು ಎದ್ದಿತ್ತು.

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗೆ, ಬೋಟ್‌ನಲ್ಲಿ ಒಂದರಿಂದ ಒಂದೂವರೆ ತಾಸು. ಲಕ್ಷದ್ವೀಪದ ಥರ ಸುತ್ತ ಹವಳದ ಗೋಡೆ ಕಟ್ಕೊಂಡು ಒಳಗೆ ಶಾಂತವಾದ ಲಗೂನ್ ಇರೋ ಜಾಗ ಅಲ್ಲ ಇದು, ಕಡಲ ಮಧ್ಯೆ ಎದ್ದು ನಿಂತಿರೋ ಕಲ್ಲುಗುಡ್ಡ, ಅದರ ಬುಡದ ಬಂಡೆಗಳ ಮೇಲೆ ಹವಳ ಬೆಳೆದಿದೆ. ಹಾಗಾಗಿ ಆಸರೆ ಅಂದ್ರೆ ಗುಡ್ಡದ ಮರೆ ಒಂದೇ. ವಾಯವ್ಯದ ಗಾಳಿ ಇದ್ರೆ ಆಗ್ನೇಯ ಬದಿಗೆ ಹೋಗ್ತೀವಿ, ನೈರುತ್ಯದಿಂದ ಬಂದ್ರೆ ಈಶಾನ್ಯದ ಕಡೆಗೆ. ಗಾಳಿಯ ಸಣ್ಣ ತೆರೆಗೆ ಈ ಉಪಾಯ ಚೆನ್ನಾಗಿ ನಡೆಯುತ್ತೆ. ಆದ್ರೆ ಉದ್ದ ಪೀರಿಯಡ್‌ನ ತೆರೆ ದ್ವೀಪವನ್ನ ಬಳಸಿಕೊಂಡು ತಿರುಗಿ ಮರೆಯ ಬದಿಗೂ ಬರುತ್ತೆ, ಆ ದಿನ ಗುಡ್ಡ ಸುತ್ತು ಹಾಕಿದ್ರೂ ಜಾಗ ಸಿಗಲ್ಲ. ಬೆಳಗ್ಗೆ 7ಕ್ಕೆ ಜೆಟ್ಟಿಗೆ ಬನ್ನಿ ಅಂತ ಪೀಡಿಸೋದೂ ಇದಕ್ಕೇ. ಬೆಳಗ್ಗೆ ಭೂಮಿ ಕಡೆಯಿಂದ ಮೆಲ್ಲಗೆ ಗಾಳಿ, ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಜೋರಾಗಿ ನೀರ ಮೇಲೆ ಬಿಳಿ ನೊರೆ ಕಾಣೋಕೆ ಶುರು. ಹೋಟೆಲ್‌ನಲ್ಲಿ ಬನ್ಸ್ ಬಿಸಿ ಬಿಸಿ ಬರ್ಲಿ ಅಂತ ಕಾಯ್ತಾ ಕೂತ ಗ್ಯಾಂಗ್ ವಾಪಸ್ ಬರೋವಾಗ ಆ ಬನ್ಸ್ ಅನ್ನ ಕಡಲಿಗೇ ಕೊಟ್ಟು ಬರುತ್ತೆ. ಖಾಲಿ ಹೊಟ್ಟೆಯೂ ಬೇಡ, ಎರಡು ಇಡ್ಲಿ ಸಾಕು. ವಾಂತಿ ಮಾತ್ರೆ ತಗೊಳ್ಳೋದಾದ್ರೆ ಡಾಕ್ಟರ್ ಕೇಳಿ, ಬೋಟ್ ಹತ್ತೋ ಒಂದು ತಾಸು ಮುಂಚೆ ತಗೊಳ್ಳಿ, ಕೆಲವು ಮಾತ್ರೆ ಭಯಂಕರ ನಿದ್ದೆ ಬರಿಸುತ್ತೆ, ತೂಕಡಿಸ್ತಾ ಇರೋರನ್ನ ನಾನು ನೀರಿಗೆ ಬಿಡಲ್ಲ. ನೀರೊಳಗೇ ವಾಂತಿ ಬಂದ್ರೆ ರೆಗ್ಯುಲೇಟರ್, ಅಂದ್ರೆ ಸಿಲಿಂಡರ್ ಗಾಳಿ ಉಸಿರಾಡೋಕೆ ಬಾಯಲ್ಲಿ ಕಚ್ಚಿಕೊಳ್ಳೋದು, ಅದನ್ನ ಬಾಯಿಂದ ತೆಗೀಬೇಡಿ, ಅದರೊಳಗೇ ಮಾಡಿ, ಆಮೇಲೆ ಅದರ ಮೇಲಿರೋ ಪರ್ಜ್ ಬಟನ್ ಒತ್ತಿದ್ರೆ ಕ್ಲೀನ್ ಆಗುತ್ತೆ, ಅಸಹ್ಯ ಅನ್ಸಿದ್ರೂ ಅದೇ ಸೇಫ್. ಮೀನುಗಳಿಗಂತೂ ಹಬ್ಬ.

ಸರ್ಜ್ ಇರೋವಾಗ ಹೊಸಬರು ಮಾಡೋದು ಏನಂದ್ರೆ ನೀರಿನ ವಿರುದ್ಧ ಕಾಲು ಬಡಿಯೋದು. ಗೆಲ್ಲೋಕಾಗಲ್ಲ. ನೀರು ಮುಂದಕ್ಕೆ ಒಯ್ಯೋವಾಗ ಜೊತೆಗೆ ಒಂದು ಕಿಕ್ ಹೊಡೀಬೇಕು, ಹಿಂದಕ್ಕೆ ಎಳೆಯೋವಾಗ ಸುಮ್ನೆ ಇರಬೇಕು, ಹೀಗೇ ಮುಂದೆ ಹೋಗೋದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಪ್ರತಿ ಉಸಿರಿಗೂ ಎರಡರಷ್ಟು ಗಾಳಿ ಖರ್ಚು, ಅದರ ಮೇಲೆ ಗಾಬರಿಯಿಂದ ಏದುಸಿರು ಬಿಟ್ರೆ ಸಿಲಿಂಡರ್ ಅರ್ಧ ಹೊತ್ತಿಗೇ ಖಾಲಿ. ಸಾಮಾನ್ಯ ದಿನ ಸಿಲಿಂಡರ್ ಒತ್ತಡ 50 ಬಾರ್ ಉಳಿದಿರೋವಾಗ ಮೇಲೆ ಬಂದ್ರೆ ಸರಿ, ಕಡಲು ಕೆಟ್ಟಿರೋವಾಗ ನಾನು 80ಕ್ಕೇ ಮೇಲಕ್ಕೆ ಸನ್ನೆ ಮಾಡ್ತೀನಿ, ಯಾಕಂದ್ರೆ ಮೇಲೆ ಬಂದ್ಮೇಲೂ ಬೋಟ್ ಹತ್ತಿರ ಬರೋವರೆಗೆ ರೆಗ್ಯುಲೇಟರ್‌ನಲ್ಲೇ ಉಸಿರಾಡಬೇಕು, ಇಲ್ಲ ಅಂದ್ರೆ ತೆರೆ ಮುಖಕ್ಕೆ ಹೊಡೆದು ನೀರು ಕುಡಿಸುತ್ತೆ. ಮೇಲೆ ಬರೋ ಮುಂಚೆ 3 ನಿಮಿಷ ತಡೆದು ನಿಲ್ಲೋ ಸೇಫ್ಟಿ ಸ್ಟಾಪ್ ಮಾಮೂಲಿ 5 ಮೀಟರ್‌ನಲ್ಲಿ, ದೊಡ್ಡ ತೆರೆ ಇದ್ರೆ ಅದಕ್ಕಿಂತ ಒಂದು ಮೀಟರ್ ಕೆಳಗೇ ನಿಲ್ಲಿಸ್ತೀನಿ. ಅಲ್ಲಿ ಹಗ್ಗ ಹಿಡ್ಕೊಂಡು ಉಸಿರು ಬಿಗಿ ಹಿಡಿದ್ರೆ ಅಪಾಯ, ತಲೆ ಮೇಲಿನ ನೀರು ಏರೋದು ಇಳಿಯೋದು ನಡೀತಾನೇ ಇರುತ್ತೆ, ಶ್ವಾಸಕೋಶ ತುಂಬಿರೋವಾಗ ಒಂದು ಮೀಟರ್ ಚಿಲ್ಲರೆ ಮೇಲೆ ಬಂದ್ರೂ ಅದಕ್ಕೆ ಪೆಟ್ಟಾಗಬಹುದು.

ಹವಳದ ಕಥೆ ಇನ್ನೊಂದು. ಸರ್ಜ್‌ನಲ್ಲಿ ಕೈಗೆ ಸಿಕ್ಕಿದ್ದನ್ನ ಹಿಡ್ಕೊಳ್ಳೋದು ಮನುಷ್ಯನ ಸ್ವಭಾವ, ಅಲ್ಲಿ ಸಿಗೋದು ಹವಳ. ಕೊಂಬೆ ಥರ ಬೆಳೆಯೋ ಹವಳ ಬಿರುಗಾಳಿಗೇ ಮುರಿಯುತ್ತೆ, ತಳದ ಮರಳು ಎದ್ದು ಮೈಮೇಲೆ ಕೂತ್ರೆ ಲೋಳೆ ಬಿಟ್ಟು ಅದನ್ನ ಜಾರಿಸೋಕೆ ಶಕ್ತಿ ಖರ್ಚು ಮಾಡುತ್ತೆ, ಅದರ ಮೇಲೆ ನಿಮ್ಮ ಕಾಲಿನ ಫಿನ್ ಏಟೂ ಬೇಕಾ? ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಲ್ಲುಹವಳ ಮೊದಲ ಶೆಡ್ಯೂಲ್‌ನಲ್ಲಿದೆ, ಹುಲಿ ಇರೋ ಪಟ್ಟಿಯಲ್ಲೇ. ಮುರಿದ ತುಂಡು ಜೇಬಿಗೆ ಹಾಕ್ಕೊಂಡು ಬಂದ್ರೂ ಕೇಸು.

ನಿಜವಾದ ತಾಪತ್ರಯ ಆಗೋದು ಬಹುಪಾಲು ಬೋಟ್ ಹತ್ತೋವಾಗ. ಕೆಳಗೆ ಎಲ್ಲ ಚೆನ್ನಾಗಿ ಮುಗ್ಸಿ ಬಂದೋರು ಏಣಿ ಹತ್ರ ಪೆಟ್ಟು ತಿಂತಾರೆ. ತೆರೆ ಜೊತೆ ಏಣಿ ಮೇಲೆದ್ದು ಧಪ್ ಅಂತ ಕೂರುತ್ತೆ, ಅದರ ಕೆಳಗೆ ತಲೆ ಇರಬಾರದು. ಒಬ್ಬರು ಹತ್ತೋವಾಗ ಅವರ ಕೆಳಗೆ ಇನ್ನೊಬ್ಬರು ತೇಲ್ತಾ ನಿಲ್ಲಬಾರದು, ಜಾರಿದ್ರೆ ಸಿಲಿಂಡರ್ ಸಮೇತ ನಿಮ್ಮ ಮೇಲೇ. ಏಣಿ ಕೈಗೆ ಸಿಗೋವರೆಗೆ ಫಿನ್ ಬಿಚ್ಚಬೇಡಿ, ತೆರೆ ಬೋಟನ್ನ ಕೆಳಗೆ ಇಳಿಸಿದ ಗಳಿಗೆ ನೋಡಿ ಕಾಲಿಡಿ, ಎದ್ದಾಗ ಅದೇ ನಿಮ್ಮನ್ನ ಎತ್ತುತ್ತೆ. ನಮ್ಮ ತಾಂಡೇಲ, ಅಂದ್ರೆ ಬೋಟ್ ನಡೆಸೋನು, ಬೋಟನ್ನ ಹತ್ತಿರ ತಂದು ಇಂಜಿನ್ ನ್ಯೂಟ್ರಲ್‌ಗೆ ಹಾಕಿ ಕೈ ಎತ್ತೋವರೆಗೆ ಯಾರೂ ಏಣಿ ಕಡೆ ಈಜಬಾರದು, ಹಿಂದೆ ಪ್ರೊಪೆಲ್ಲರ್ ಇದೆ. ದೂರ ತೇಲಿ ಹೋದ್ರೆ ಬಿಳಿ ನೊರೆ ಮಧ್ಯೆ ತಲೆ ಕಾಣಲ್ಲ, ಅದಕ್ಕೇ ಆ ಕಿತ್ತಳೆ ಬಣ್ಣದ ಉದ್ದ ಬಲೂನು, ಸರ್ಫೇಸ್ ಮಾರ್ಕರ್, ಪ್ರತಿ ಇನ್‌ಸ್ಟ್ರಕ್ಟರ್ ಹತ್ರ ಇರಲೇಬೇಕು. ಇದೆಯಾ ಅಂತ ಕೇಳಿ ನೋಡಿ, ತಪ್ಪಿಲ್ಲ.

"ಈಜು ಬರದಿದ್ರೂ ಪರವಾಗಿಲ್ಲ" ಅಂತ ಬೋರ್ಡ್ ಹಾಕಿರ್ತಾರಲ್ಲ, ಅದು ಕಡಲು ತಟ್ಟೆ ಥರ ಇರೋ ದಿನಕ್ಕೆ ಸರಿ. ಹೊಸಬರ ಟ್ರೈ ಡೈವ್‌ನಲ್ಲಿ 12 ಮೀಟರ್‌ಗಿಂತ ಕೆಳಗೆ ಹೋಗಲ್ಲ, ಪೂರ್ತಿ ಹೊತ್ತು ಇನ್‌ಸ್ಟ್ರಕ್ಟರ್ ಕೈ ನಿಮ್ಮ ಸಿಲಿಂಡರ್ ಮೇಲೇ. ಆದ್ರೆ ಮೇಲೆ ಒಂದೂವರೆ ಮೀಟರ್ ತೆರೆ ಇದ್ರೆ ಈಜು ಬರದವರು ಬೋಟ್ ಪಕ್ಕ ತೇಲ್ತಾ ಐದು ನಿಮಿಷ ಕಾಯೋದೇ ದೊಡ್ಡ ಪರೀಕ್ಷೆ. ಅಂಥ ದಿನ ಸರ್ಟಿಫೈಡ್ ಡೈವರ್‌ಗಳನ್ನ ಕರ್ಕೊಂಡು ಹೋಗಿ ಉಳಿದವರನ್ನ ದಡದಲ್ಲೇ ಬಿಟ್ಟಿದ್ದಿದೆ, ಬೈಸ್ಕೊಂಡಿದ್ದೂ ಇದೆ. ಬೈಯಿರಿ.

ನೀವೇ ಚೆಕ್ ಮಾಡಬೇಕು ಅಂದ್ರೆ ಇನ್‌ಕಾಯ್ಸ್ ಮುನ್ಸೂಚನೆ ಇದೆ, ಫೋನ್‌ನಲ್ಲಿ ವಿಂಡಿ ಆ್ಯಪ್ ಇದೆ, ಮಳೆಯ ಪೇಜ್ ಬಿಟ್ಟು ಸ್ವೆಲ್ (ದೂರದಿಂದ ಬರೋ ತೆರೆ) ಅನ್ನೋದನ್ನ ಒತ್ತಿ, ಎತ್ತರದ ಪಕ್ಕ ಸೆಕೆಂಡ್ ಎಷ್ಟಿದೆ ನೋಡಿ. ಎರಡಂಕಿ ಮುಟ್ಟಿದ್ರೆ ನಮಗೆ ಫೋನ್ ಮಾಡಿ ಅದನ್ನೇ ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಡೈವಿಂಗ್ ಬಂದ್, ಆ ಮಾತೇ ಬೇಡ. ಬುಕ್ ಮಾಡೋವಾಗ ಕಡಲು ಕೆಟ್ರೆ ದುಡ್ಡು ವಾಪಸ್ಸೋ ಇನ್ನೊಂದು ದಿನ ಕೊಡ್ತಾರೋ ಅಂತ ಮೊದಲೇ ಬಾಯಿಬಿಟ್ಟು ಕೇಳಿ, ವಾಟ್ಸಾಪ್‌ನಲ್ಲಿ ಬರೆಸಿಕೊಂಡ್ರೆ ಇನ್ನೂ ಒಳ್ಳೇದು. ಮತ್ತೆ ಡೈವ್ ಶನಿವಾರಕ್ಕೆ ಇಟ್ಕೊಳ್ಳಿ, ಅವತ್ತು ಆಗದಿದ್ರೆ ಭಾನುವಾರ ಕೈಯಲ್ಲಿರುತ್ತೆ. ಭಾನುವಾರಕ್ಕೆ ಬುಕ್ ಮಾಡಿ, ರಾತ್ರಿ ಬಸ್ಸಿಗೂ ಟಿಕೆಟ್ ಮಾಡ್ಕೊಂಡು ಬಂದಿರೋರೇ ಜೆಟ್ಟಿಯಲ್ಲಿ ನನ್ನ ಜೊತೆ ಜಾಸ್ತಿ ವಾದ ಮಾಡೋದು.