ಹರಿದ ಬೂಟಿನೊಳಗೆ ಆರು ಉಕ್ಕಿನ ಗುಂಡುಗಳು

ಕೊಡಗಿನ ತೋಟಗಳ ನಡುವೆ ಮಣ್ಣುದಾರಿಯಲ್ಲಿ ಪ್ರವಾಸಿಗರನ್ನು ಹೊತ್ತು ಓಡಾಡುವ ದೊಡ್ಡ ಎ.ಟಿ.ವಿ.ಗಳಲ್ಲಿ (ಕಾಡುಮೇಡಿನಲ್ಲಿ ಓಡುವ, ಬೈಕಿನಂತೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿಗಳಲ್ಲಿ), ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹರಿಯುವಂಥವು ಕೆಲವು ಇರುತ್ತವೆ. ಅಂಥ ಒಂದರ ಮುಂಚಕ್ರದ ಒಳಬದಿಯನ್ನು ಬಗ್ಗಿ ನೋಡಿದರೆ, ಹಾರ್ಮೋನಿಯಂ ತಿದಿಯಂತೆ ನಿರಿಗೆಗಟ್ಟಿದ ಕಪ್ಪು ರಬ್ಬರ್ ಚೀಲವೊಂದು ಕಾಣುತ್ತದೆ. ಗ್ಯಾರೇಜಿನವರು ಅದನ್ನು ಆಕ್ಸಲ್ ಬೂಟ್ ಎನ್ನುತ್ತಾರೆ. ಒಂದು ಮಳೆಗಾಲದಲ್ಲಿ ನಾನು ನೋಡಿದ ಬೂಟು ಬೆರಳುದ್ದ ಸೀಳಿತ್ತು. ಚಕ್ರದ ಒಳಮೈಗೆಲ್ಲ ಕಪ್ಪು ಗ್ರೀಸ್ ಸಿಡಿದಿತ್ತು. ಬರೀ ರಬ್ಬರ್ ತಾನೇ ಎಂದು ಅದಕ್ಕೆ ಟೇಪ್ ಸುತ್ತಿ ಓಡಿಸಿದರು. ಕೆಲವು ವಾರಗಳ ನಂತರ ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಕಟಕಟ ಸದ್ದು ಬರತೊಡಗಿತು. ದೃಷ್ಟಿಯಾಗಿದೆ ಎಂದು ಗಾಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಆಯುಧಪೂಜೆಯ ದಿನ ಗಾಡಿಗೆ ಹೂ ಮುಡಿಸುವುದರಲ್ಲಿ ನನಗೆ ಸಂತೋಷವೇ ಇದೆ. ಆದರೆ ಕಾರಣವು ಚಕ್ರದ ಒಳಮೈಗೆ ಸಿಡಿದು ಕಣ್ಣಿಗೆ ಕಾಣುತ್ತಿರುವಾಗ ಅದನ್ನು ದೃಷ್ಟಿಯ ಲೆಕ್ಕಕ್ಕೆ ಬರೆದರೆ, ಇಳಿಜಾರಿನಲ್ಲಿ ಆ ಗಾಡಿಯನ್ನು ನಂಬಿ ಕುಳಿತವರ ಬಗ್ಗೆ ಆತಂಕವಾಗುತ್ತದೆ.

ಆ ಚೀಲದೊಳಗೆ ಇರುವುದು ಯಂತ್ರಶಾಸ್ತ್ರದ ಅತ್ಯಂತ ಸೊಗಸಾದ ಕೀಲುಗಳಲ್ಲೊಂದು: ಸಿ.ವಿ. ಜಾಯಿಂಟ್ ಎಂಬ ಸಮವೇಗದ ಕೀಲು. ಎತ್ತಿನ ಗಾಡಿಯ ಅಚ್ಚು ನೇರವಾದದ್ದು; ಆಗಾಗ ಕೀಲೆಣ್ಣೆ ಹಾಕಿದರೆ ಅದರ ಅಗತ್ಯ ಮುಗಿಯಿತು. ಎ.ಟಿ.ವಿ.ಯ ಮುಂದಿನ ಆಕ್ಸಲ್ ಎಂಜಿನ್ನಿನ ಬಲವನ್ನು ಹೊತ್ತು ತಿರುಗುತ್ತಿರುವಾಗಲೇ, ಚಕ್ರ ಕಲ್ಲಿನ ಮೇಲೆ ನೆಗೆದರೆ ಮೇಲಕ್ಕೂ ಹ್ಯಾಂಡಲ್ ತಿರುಗಿದರೆ ಪಕ್ಕಕ್ಕೂ ಬಾಗಬೇಕು. ಬಾಗಿಕೊಂಡೇ ತಿರುಗುವ ಕೀಲು ಹಳೆಯ ಸಂಗತಿಯೇ. ಲಾರಿಗಳ ಅಡಿಯಲ್ಲಿ ಇಂದಿಗೂ ಕಾಣುವ, ನಮ್ಮ ಮೆಕ್ಯಾನಿಕ್‌ಗಳು ಯು.ಜೆ. ಕ್ರಾಸ್ ಎಂದು ಕರೆಯುವ ಕೀಲನ್ನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 17ನೇ ಶತಮಾನದಲ್ಲಿಯೇ ವಿವರಿಸಿದ್ದನು. ಆದರೆ ಅದಕ್ಕೊಂದು ಹುಟ್ಟುಗುಣವಿದೆ: ಒಂದು ಬದಿಯ ದಂಡವನ್ನು ಎಷ್ಟೇ ಸಮವೇಗದಲ್ಲಿ ತಿರುಗಿಸಿದರೂ, ಬಾಗಿದ ಇನ್ನೊಂದು ಬದಿಯ ದಂಡ ಪ್ರತಿ ಸುತ್ತಿನಲ್ಲಿ ಎರಡು ಸಲ ಮುನ್ನುಗ್ಗಿ ಎರಡು ಸಲ ಹಿಂಜರಿಯುತ್ತದೆ. ಕೋನ 45 ಡಿಗ್ರಿಯಾದರೆ ಅದರ ವೇಗ ಮೊದಲ ದಂಡದ ವೇಗದ ಶೇಕಡಾ 71ರಿಂದ 141ರವರೆಗೆ ಏರಿಳಿಯುತ್ತದೆ, ಅಂದರೆ ಗರಿಷ್ಠ ವೇಗವು ಕನಿಷ್ಠದ ಸರಿಯಾಗಿ ಎರಡು ಪಟ್ಟು. ಹುಕ್‌ಗೆ ಇದು ದೋಷವಾಗಿ ಕಾಣಲಿಲ್ಲ. ನೆರಳುಗಡಿಯಾರದ ಮೇಲೆ ನೆರಳು ಸರಿಯುವ ವೇಗವೂ ದಿನವಿಡೀ ಇದೇ ಗಣಿತಕ್ಕೆ ಹೊಂದಿಕೊಂಡು ಬದಲಾಗುತ್ತದೆ ಎಂಬುದನ್ನು ಗುರುತಿಸಿ, 1676ರಲ್ಲಿ ಪ್ರಕಟಿಸಿದ, ಸೂರ್ಯನನ್ನು ನೋಡಲು ಬಳಸುವ ಹೆಲಿಯೊಸ್ಕೋಪ್‌ಗಳ ವಿವರಣೆಯಲ್ಲಿ ಈ ಕೀಲಿಗೆ ಖಗೋಳದ ಉಪಯೋಗವನ್ನು ತೋರಿಸಿದನು. ನೆರಳನ್ನು ಹಿಂಬಾಲಿಸಲು ಒಪ್ಪುವ ಈ ಅಸಮವೇಗವು ಹ್ಯಾಂಡಲ್ ತಿರುಗಿಸುವ ಚಕ್ರಕ್ಕೆ ಒಪ್ಪುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಎಳೆದಾಡಿದರೆ ಕೈಗೆ ಅದುರು, ಗೇರುಗಳಿಗೆ ಪೆಟ್ಟು.

ಹಾಗಾದರೆ ಬಾಗಿದ ಎರಡು ದಂಡಗಳು ಸಮವೇಗದಲ್ಲಿ ತಿರುಗುವುದು ಹೇಗೆ? ಇದಕ್ಕೆ ಸಿಕ್ಕಿದ ಉತ್ತರವನ್ನು ನೆನೆದಾಗಲೆಲ್ಲ ನನಗೆ ಹೊಸದಾಗಿ ಹಿಗ್ಗಾಗುತ್ತದೆ. ಅರ್ಧ ತೆರೆದ ಪುಸ್ತಕವೊಂದನ್ನು ಕಲ್ಪಿಸಿಕೊಳ್ಳಿ. ಎರಡು ರಟ್ಟುಗಳು ಎರಡು ದಂಡಗಳಾದರೆ, ಅವೆರಡರಿಂದಲೂ ಸಮ ದೂರದಲ್ಲಿ ಸರಿಯಾಗಿ ನಡುವೆ ನಿಂತ ಹಾಳೆಯೊಂದಿರುತ್ತದೆ. ರಟ್ಟುಗಳನ್ನು ಎಷ್ಟು ತೆರೆದರೂ ಮುಚ್ಚಿದರೂ ಆ ಹಾಳೆ ನಡುವನ್ನು ಬಿಡಬಾರದು. ಇನ್ನೊಂದು ಬಗೆಯಲ್ಲಿ ನೋಡಿದರೆ, ಆ ಹಾಳೆಯಿರುವಲ್ಲಿ ಕನ್ನಡಿ ನಿಲ್ಲಿಸಿದಾಗ ಒಂದು ದಂಡದ ಬಿಂಬವು ಇನ್ನೊಂದು ದಂಡದ ಮೇಲೆಯೇ ಕೂರುತ್ತದೆ. ಈಗ ಜಾತ್ರೆಯಲ್ಲಿ ಮಕ್ಕಳು ಕೂತು ಸುತ್ತುವ ಮರದ ಕುದುರೆಗಳನ್ನು ನೆನಪಿಸಿಕೊಳ್ಳಿ: ನಡುಗಂಬದಿಂದ ದೂರವಿರುವ ಕುದುರೆ ಹೆಚ್ಚು ವೇಗವಾಗಿ ಓಡುತ್ತದೆ, ಹತ್ತಿರವಿರುವುದು ನಿಧಾನ. ಒಂದು ದಂಡ ಇನ್ನೊಂದನ್ನು ತಳ್ಳುವ ಬಿಂದು ಆ ನಡುಹಾಳೆಯ ಮೇಲೆಯೇ ಇದ್ದರೆ, ಅದು ಎರಡೂ ದಂಡಗಳ ನಡುಗೆರೆಯಿಂದ ಸಮ ದೂರದಲ್ಲಿರುತ್ತದೆ. ದೂರ ಸಮವಾದರೆ, ಆ ಬಿಂದುವಿಗಿರುವ ಒಂದೇ ವೇಗಕ್ಕೆ ಎರಡೂ ದಂಡಗಳು ಒಂದೇ ಗತಿಯಲ್ಲಿ ತಿರುಗಲೇಬೇಕು. ಹುಕ್‌ನ ಕೀಲಿನಲ್ಲಿ ಎರಡು ದಂಡಗಳನ್ನು ಜೋಡಿಸುವ ಶಿಲುಬೆಯಾಕಾರದ ತುಂಡು ಸುತ್ತುತ್ತಾ ಈ ನಡುಹಾಳೆಯಿಂದ ಅತ್ತಿತ್ತ ಓಲಾಡುತ್ತದೆ. ಅದರ ಏರಿಳಿತಕ್ಕೆ ಇದೇ ಕಾರಣ.

ಆ ಬಿಂದುವನ್ನು ನಡುಹಾಳೆಯ ಮೇಲೆ ಕಟ್ಟಿಹಾಕುವ ಉಪಾಯವನ್ನು ಆಲ್ಫ್ರೆಡ್ ಝೆಪ್ಪಾ ಎಂಬ ಇಂಜಿನಿಯರ್ 1926ರಲ್ಲಿ ರೂಪಿಸಿದನು. ಇಂದಿನ ರೂಪದಲ್ಲಿ ಈ ಕೀಲಿಗೆ ಹೊರಗೊಂದು ಉಕ್ಕಿನ ಬಟ್ಟಲು, ಒಳಗೊಂದು ಉಕ್ಕಿನ ಬಳೆ, ಎರಡರಲ್ಲೂ ಎದುರುಬದುರಾಗಿ ಕೊರೆದ ಬಾಗಿದ ತೋಡುಗಳು, ಅವುಗಳ ನಡುವೆ ಆರು ಉಕ್ಕಿನ ಗುಂಡುಗಳು, ಗುಂಡುಗಳನ್ನು ಒಂದೇ ಸಮತಲದಲ್ಲಿ ಹಿಡಿದಿಡುವ ಕಿಟಕಿಗಳುಳ್ಳ ಪಂಜರ. ಒಳತೋಡಿನ ಮತ್ತು ಹೊರತೋಡಿನ ಬಾಗುವಿಕೆಯ ಕೇಂದ್ರಗಳನ್ನು ಕೀಲಿನ ಕೇಂದ್ರದಿಂದ ಎದುರುದಿಕ್ಕಿಗೆ ಸಮನಾಗಿ ಸರಿಸಿರುವುದರಿಂದ, ಅವೆರಡರ ನಡುವಿನ ಜಾಗ ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದರಲ್ಲಿ ಕಿರಿದಾಗುತ್ತದೆ. ಕೀಲು ಬಾಗಿದಂತೆ ಗುಂಡುಗಳು ಕೋನದ ಅರ್ಧದಷ್ಟೇ ಸರಿದು ನಡುಹಾಳೆಯಲ್ಲಿ ನಿಲ್ಲುತ್ತವೆ. ಅಲೆಕ್ ಇಸಿಗೋನಿಸ್ ರೂಪಿಸಿ 1959ರಲ್ಲಿ ಮಾರುಕಟ್ಟೆಗೆ ಬಂದ ಮಿನಿ ಕಾರು ಈ ಬಗೆಯ ಕೀಲನ್ನು ಅವಲಂಬಿಸಿಯೇ ಮುಂಚಕ್ರಗಳಿಂದ ಓಡಿತು. ಅಂಬಾಸಡರ್‌ಗೆ ಒಗ್ಗಿದ್ದ ನಮ್ಮ ಮೆಕ್ಯಾನಿಕ್‌ಗಳ ಕೈಗೆ ಇಂಥ ಕೀಲು ಮನೆಮಾತಾಗಿ ಬಂದದ್ದು 1983ರ ಕೊನೆಯಲ್ಲಿ ರಸ್ತೆಗಿಳಿದ ಮಾರುತಿ 800ರೊಂದಿಗೆ.

ಬೂಟಿನ ಕೆಲಸ ನೀರು ತಡೆಯುವುದಷ್ಟೇ ಎಂದುಕೊಳ್ಳುವುದು ತಪ್ಪು; ಒಳಗಿನ ಗ್ರೀಸನ್ನು ಹಿಡಿದಿಡುವುದೂ ಅದರ ಕೆಲಸ. ಗುಂಡುಗಳು ತೋಡಿನಲ್ಲಿ ಉರುಳುವುದರ ಜೊತೆಗೆ ಉಜ್ಜಿಕೊಂಡು ಜಾರುತ್ತವೆ ಕೂಡ, ಮತ್ತು ಎಂಜಿನ್ನಿನ ಬಲವೆಲ್ಲ ಬಹಳ ಚಿಕ್ಕ ಸ್ಪರ್ಶತಾಣಗಳ ಮೂಲಕ ದಾಟುತ್ತದೆ. ಈ ಒತ್ತಡವನ್ನು ತಾಳಲು ಗ್ರೀಸಿನಲ್ಲಿ ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಕಪ್ಪು ಪುಡಿಯನ್ನು ಬೆರೆಸಿರುತ್ತಾರೆ. ಅದರ ಅಣುಗಳು ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ. ಕವಳೆ ವೀಳ್ಯದೆಲೆಯನ್ನು ಒತ್ತಿ ತಳ್ಳಿದರೆ ಎಲೆಯ ಮೇಲೆ ಎಲೆ ಜಾರುವಂತೆ, ಈ ಪದರಗಳು ಉಕ್ಕಿಗೂ ಉಕ್ಕಿಗೂ ನಡುವೆ ಜಾರುತ್ತವೆ. ಬೂಟು ಹರಿದರೆ ಮೊದಲು ಈ ಗ್ರೀಸ್ ಸುತ್ತುವ ರಭಸಕ್ಕೆ ಹೊರಗೆ ಸಿಡಿಯುತ್ತದೆ, ಆಮೇಲೆ ಕೆಸರು ಒಳಗೆ ಬರುತ್ತದೆ. ಕೆಸರಿನಲ್ಲಿರುವ ಬೆಣಚುಕಲ್ಲಿನ ಕಣಗಳು ಹದಗೊಳಿಸಿದ ಉಕ್ಕಿಗಿಂತಲೂ ಗಡಸು. ಅಳಿದುಳಿದ ಗ್ರೀಸ್ ಆ ಕಣಗಳನ್ನು ಅಂಟಿಸಿಕೊಂಡು ಅರೆಯುವ ಲೇಪವಾಗುತ್ತದೆ. ಕೀಲು ತನ್ನನ್ನು ತಾನೇ ಬೀಸಿಕೊಳ್ಳುವ ಬೀಸುಕಲ್ಲಾಗುತ್ತದೆ. ತೋಡುಗಳು ಸವೆದು ಹಳ್ಳಬಿದ್ದಾಗ, ಕೀಲು ಹೆಚ್ಚು ಬಾಗಿದಲ್ಲಿ ಗುಂಡು ಹಳ್ಳದಿಂದ ಅಂಚಿಗೆ ಬಡಿಯುತ್ತದೆ. ತಿರುವಿನಲ್ಲಿ ಕೇಳಿದ ಕಟಕಟ ಸದ್ದು ಅದೇ. ಒಳಗೆ ಆಗಲೇ ಕೆಸರು ಹೊಕ್ಕಿದ್ದುದರಿಂದ, ಮೇಲೆ ಸುತ್ತಿದ ಟೇಪು ಮಾಡಿದ್ದೆಂದರೆ ಆ ಅರೆಯುವ ಲೇಪವನ್ನು ಒಳಗೇ ಉಳಿಸಿದ್ದು.

ಬೂಟಿನ ಪಾಡೂ ಸುಲಭದ್ದಲ್ಲ. ಇಂಥ ಗಾಡಿಗಳಲ್ಲಿ ಸಾಮಾನ್ಯವಾದ 25 ಇಂಚು ವ್ಯಾಸದ ಟೈರಿನ ಸುತ್ತಳತೆ ಸುಮಾರು 2 ಮೀಟರ್, ಅಂದರೆ ಕಿಲೋಮೀಟರಿಗೆ ಸುಮಾರು 500 ಸುತ್ತು. ಆಕ್ಸಲ್ ಬಾಗಿರುವಷ್ಟು ಹೊತ್ತೂ ಪ್ರತಿ ಸುತ್ತಿನಲ್ಲಿ ಪ್ರತಿ ನಿರಿಗೆ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಇಳಿಸುವ ರಬ್ಬರ್ ಹಾಲಿನಿಂದಲೇ ಇದನ್ನು ಮಾಡಬಾರದೇಕೆ ಎಂದರೆ, ನೈಸರ್ಗಿಕ ರಬ್ಬರ್ ಖನಿಜ ತೈಲದ ಗ್ರೀಸನ್ನು ಹೀರಿ ಊದಿಕೊಳ್ಳುತ್ತದೆ. ಜೊತೆಗೆ ಗಾಳಿಯಲ್ಲಿನ ಅಲ್ಪ ಓಜೋನ್ ಅದರ ಅಣುಸರಪಳಿಯ ಜೋಡಿಬಂಧಗಳನ್ನು, ಎಳೆತವಿರುವ ಕಡೆಯೇ ಮೊದಲು ಕತ್ತರಿಸುತ್ತದೆ. 1930ರಲ್ಲಿ ಅಮೆರಿಕದ ಡುಪಾಂಟ್ ಪ್ರಯೋಗಾಲಯದಲ್ಲಿ ಹುಟ್ಟಿದ ನಿಯೋಪ್ರೀನ್‌ನಲ್ಲಿ ಜೋಡಿಬಂಧದ ಪಕ್ಕದಲ್ಲೇ ಕ್ಲೋರಿನ್ ಪರಮಾಣು ಕೂತಿರುವುದರಿಂದ ಅದು ಎಣ್ಣೆಯನ್ನೂ ಓಜೋನನ್ನೂ ಹೆಚ್ಚು ತಾಳುತ್ತದೆ. ಕಾಫಿ ಗಿಡದ ಕತ್ತರಿಸಿದ ಬೊಡ್ಡೆಯ ಚೂಪಿಗೆ ಮಾತ್ರ ಯಾವ ರಸಾಯನಶಾಸ್ತ್ರವೂ ಅಡ್ಡಬರುವುದಿಲ್ಲ.

ಬೂಟು ಬದಲಿಸುವ ಕೆಲಸಕ್ಕೆ ಅರ್ಧ ದಿನ ಸಾಕು. ಚಕ್ರ ಬಿಚ್ಚಿ, ನಟ್ಟು ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ತೆಗೆದು, ಆಕ್ಸಲ್ ನಟ್ಟನ್ನು ಕಳಚಿ, ಚಕ್ರವನ್ನು ಕೆಳಗಿನ ತೋಳಿಗೆ ಜೋಡಿಸುವ ಬಾಲ್ ಜಾಯಿಂಟ್ ಬಿಡಿಸಿದರೆ ಆಕ್ಸಲ್ಲಿನ ಹೊರತುದಿ ಚಕ್ರ ಕೂರುವ ಹಬ್‌ನಿಂದ ಹೊರಬರುತ್ತದೆ. ಒಳತುದಿಯನ್ನು ನೇರವಾಗಿ ಒಮ್ಮೆ ಜಗ್ಗಿ ಎಳೆಯಬೇಕು, ಓರೆಯಾಗಿ ಎಳೆದರೆ ಸೀಲು ಹಾಳಾಗುತ್ತದೆ. ಬೂಟನ್ನು ಬಿಗಿಹಿಡಿಯುವ ಹಳೆಯ ಕ್ಲಾಂಪು ಪಟ್ಟಿಗಳನ್ನೂ ಬೂಟನ್ನೂ ಕತ್ತರಿಸಿ ತೆಗೆದು, ಒಳಬಳೆಗೆ ಹಿತ್ತಾಳೆಯ ಸರಳಿಟ್ಟು ಸುತ್ತಿಗೆಯಿಂದ ಹೊಡೆದರೆ, ಅದನ್ನು ದಂಡಕ್ಕೆ ಹಿಡಿದಿಡುವ ಸ್ಪ್ರಿಂಗ್ ಬಳೆಯಾದ ಸರ್‌ಕ್ಲಿಪ್ ಬಿಟ್ಟು ಕೀಲು ಕಳಚಿಕೊಳ್ಳುತ್ತದೆ. ಕೆಲವು ಮಾದರಿಗಳಲ್ಲಿ ಚಕ್ರದ ಬದಿಯ ಹೊರಗಿನ ಕೀಲು ಕಳಚುವುದೇ ಇಲ್ಲ. ಅಲ್ಲಿ ಆಕ್ಸಲ್ಲಿನ ಒಳತುದಿಯಲ್ಲಿರುವ ಇನ್ನೊಂದು ಕೀಲನ್ನು ಬಿಚ್ಚಿ, ಆ ಬದಿಯಿಂದ ಹೊಸ ಬೂಟನ್ನು ದಂಡದುದ್ದಕ್ಕೂ ತರಬೇಕು.

ಇಲ್ಲಿ ಅವಸರ ಮಾಡುವವರೇ ಹೆಚ್ಚು, ಆದರೆ ಇಡೀ ಕೆಲಸದ ಜೀವಾಳ ತೊಳೆಯುವುದರಲ್ಲಿದೆ. ಪಂಜರವನ್ನು ಓರೆಮಾಡಿ ಒಂದೊಂದೇ ಗುಂಡನ್ನು ಹೊರತೆಗೆದು, ಸೀಮೆಎಣ್ಣೆಯಲ್ಲಿ ಎರಡು ಮೂರು ಸಲ ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿ, ತೋಡುಗಳ ಮೇಲೆ ಉಗುರು ಎಳೆದು ನೋಡಬೇಕು. ಗುಂಡು ಓಡಿದ ಜಾಗ ಕೇವಲ ಹೊಳಪಾಗಿದ್ದರೆ ಅಡ್ಡಿಯಿಲ್ಲ. ಉಗುರು ಹಳ್ಳಕ್ಕೆ ಸಿಕ್ಕಿಕೊಂಡರೆ ಹೊಸ ಬೂಟು ಆ ಕೀಲನ್ನು ಉಳಿಸಲಾರದು, ಕೀಲನ್ನೇ ಬದಲಿಸಬೇಕು. ಮೊದಲು ಹೇಳಿದ ಗಾಡಿಯಲ್ಲಿ ಆದದ್ದು ಅದೇ. ಕೀಲು ಸರಿಯಿದ್ದರೆ, ಮೊದಲು ಬೂಟನ್ನು ದಂಡಕ್ಕೆ ತೂರಿಸಿ, ಕಿಟ್‌ನಲ್ಲಿ ಬರುವ ಗ್ರೀಸನ್ನು ಗುಂಡುಗಳ ನಡುವೆ ಬೆರಳಿನಿಂದ ಒತ್ತಿ ತುಂಬಿ, ಹೊಸ ಸರ್‌ಕ್ಲಿಪ್ ಹಾಕಿ ಕೀಲನ್ನು ಕೂರಿಸಬೇಕು. ಚಿಕ್ಕ ಕ್ಲಾಂಪ್ ಬಿಗಿಯುವ ಮುನ್ನ ಬೂಟಿನ ತುಟಿಯನ್ನು ಮೊಂಡ ಸ್ಕ್ರೂಡ್ರೈವರಿನಿಂದ ಎತ್ತಿ ಒಳಗಿನ ಗಾಳಿಯನ್ನು ಹೊರಗಿನದಕ್ಕೆ ಸಮ ಮಾಡಬೇಕು. ಇಲ್ಲವಾದರೆ ನಿರಿಗೆಗಳು ಊದಿಕೊಂಡೋ ಒಳಕ್ಕೆ ಕುಸಿದೋ ಒಂದಕ್ಕೊಂದು ಉಜ್ಜಿ ಮತ್ತೆ ಹರಿಯುತ್ತವೆ.

ಆಕ್ಸಲ್ ನಟ್ಟನ್ನು ಕೈಪಿಡಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿದು, ಹೊಸ ಸ್ಪ್ಲಿಟ್ ಪಿನ್ ಹಾಕಿ, ಗಾಡಿ ಇನ್ನೂ ಜಾಕಿನ ಮೇಲಿರುವಾಗಲೇ ಹ್ಯಾಂಡಲನ್ನು ಕೊನೆಯವರೆಗೆ ತಿರುಗಿಸಿ ಚಕ್ರವನ್ನು ಕೈಯಿಂದ ಸುತ್ತಬೇಕು. ಒಂದು ಬದಿಯ ನಿರಿಗೆಗಳು ಅರಳುತ್ತಾ ಇನ್ನೊಂದು ಬದಿಯವು ಮಡಚುತ್ತಾ ಹೋಗುವುದು ಕಣ್ಣಿಗೆ ಕಾಣುತ್ತದೆ. ಮೊದಲ ಓಡಾಟದ ನಂತರ ಚಕ್ರದ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಕೆಸರಷ್ಟೇ ಅಂಟಿ ಕಪ್ಪು ಜಿಡ್ಡು ಅಂಟದಿದ್ದರೆ ಕ್ಲಾಂಪುಗಳು ಹಿಡಿದಿವೆ.