ಬಾಯಿ ಮುಚ್ಚಲಾಗದ ಮೀನನ್ನು ಮನೆಗೆ ತರಬಹುದಾ?

ಪ್ರಶ್ನೆ: ಮಗನ ಹುಟ್ಟುಹಬ್ಬಕ್ಕೆ ಅಕ್ವೇರಿಯಂ ಕೊಡಿಸೋಣ ಅಂತ ಶಿವಾಜಿನಗರಕ್ಕೆ ಹೋಗಿದ್ದೆವು. ಕಿತ್ತಳೆ ಬಣ್ಣದ ಪ್ಯಾರಟ್ ಮೀನು ಅವನಿಗೆ ತುಂಬಾ ಇಷ್ಟವಾಯಿತು. ಪಕ್ಕದಲ್ಲಿ ನಿಂತಿದ್ದವರೊಬ್ಬರು, "ಅದನ್ನ ತಗೋಬೇಡಿ ಮೇಡಂ, ಬಾಯಿ ಮುಚ್ಚೋಕೂ ಬರಲ್ಲ ಅದಕ್ಕೆ, ಬೇಕಂತಲೇ ಹಾಗೆ ಮಾಡಿರ್ತಾರೆ" ಅಂದರು. ನಿಜವಾ? ಹಾಗಿದ್ದರೆ ಕೊಳ್ಳುವುದು ತಪ್ಪಾ?

ಉತ್ತರ: ಅವರು ಹೇಳಿದ್ದು ನಿಜ. ಮುಂದಿನ ಸಲ ಹೋದಾಗ, ಅಂಗಡಿ ಹುಡುಗ ಮೀನಿಗೆ ಊಟ ಹಾಕುವ ಹೊತ್ತಿಗೆ ಐದು ನಿಮಿಷ ನಿಂತು ನೋಡಿ. ಕಾಳು ನೀರಿಗೆ ಬಿದ್ದ ಕೂಡಲೇ ಪ್ಯಾರಟ್ ಓಡಿ ಬರುತ್ತದೆ. ಅದರ ಬಾಯಿ ಅಂದರೆ ಅಂಗಿಯ ಕಾಜಾ ಇದ್ದ ಹಾಗೆ, ಉದ್ದಕ್ಕೆ ಒಂದು ಸೀಳು. ಕಾಳನ್ನು ಒಳಗೆ ಎಳೆದುಕೊಳ್ಳುತ್ತದೆ, ಉಗುಳುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ತುಟಿಗೆ ತುಟಿ ಸೇರುವುದಿಲ್ಲ. ಅಗಿಯುವ ಕೆಲಸವೆಲ್ಲ ಗಂಟಲೊಳಗಿನ ಹಲ್ಲಿನದ್ದು. ಅದು ಒಂದು ಕಾಳು ನುಂಗುವಷ್ಟರಲ್ಲಿ ಪಕ್ಕದ ಮೀನು ನಾಲ್ಕು ಮುಗಿಸಿರುತ್ತದೆ.

ಈ ಮೀನು ಯಾವ ಹೊಳೆಯಲ್ಲೂ ಸಿಗುವುದಿಲ್ಲ. ಸುಮಾರು 1986ರ ಹೊತ್ತಿಗೆ ತೈವಾನಿನಲ್ಲಿ, ಮಧ್ಯ ಅಮೆರಿಕದ ಎರಡು ಬೇರೆ ಬೇರೆ ಜಾತಿಯ ಸಿಕ್ಲಿಡ್ ಮೀನುಗಳನ್ನು ಕೂಡಿಸಿ ಹುಟ್ಟಿಸಿದ್ದು. ಬಾಯಿ ಹೀಗಾಯಿತು, ಬೆನ್ನುಮೂಳೆ ಗಿಡ್ಡವಾಗಿ ಬಾಗಿತು, ಮೈ ಉಂಡೆಯಾಯಿತು. ನೋಡಿದವರಿಗೆ ಅದೇ ಮುದ್ದಾಗಿ ಕಂಡಿತು. ಗಂಡುಗಳಿಗೆ ಹೆಚ್ಚಾಗಿ ಸಂತಾನಶಕ್ತಿಯೇ ಇರುವುದಿಲ್ಲ. ಆದರೆ ಹೆಣ್ಣಿಗೆ ಅದು ಗೊತ್ತಾಗಬೇಕಲ್ಲ? ಕಲ್ಲು ಉಜ್ಜಿ ಚೊಕ್ಕ ಮಾಡುತ್ತದೆ, ಮೊಟ್ಟೆ ಇಡುತ್ತದೆ, ರೆಕ್ಕೆಯಿಂದ ಗಾಳಿ ಬೀಸುತ್ತಾ ಕಾವಲು ಕೂರುತ್ತದೆ. ಎರಡು ಮೂರು ದಿನದಲ್ಲಿ ಮೊಟ್ಟೆಗಳೆಲ್ಲ ಬಿಳಿಚಿ ಬೂಷ್ಟು ಹಿಡಿಯುತ್ತವೆ. ಕೆಲವು ದಿನ ಬಿಟ್ಟು ಮತ್ತೆ ಕಲ್ಲು ಉಜ್ಜಲು ಶುರು.

"ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನಾ" ಅಂತ ಗಾದೆ ಇದೆ. ಇಲ್ಲಿ ಹುಟ್ಟಿಸಿದ್ದು ದೇವರಲ್ಲ. ಹುಟ್ಟಿಸಿದವರೇ ಬಾಯಿ ಕಿತ್ತುಕೊಂಡು ಕಳಿಸಿದ್ದಾರೆ.

ಪ್ಯಾರಟ್ ಒಂದೇ ಅಲ್ಲ. ಬಲೂನ್ ಮಾಲಿ ನೋಡಿರುತ್ತೀರಿ, ಹೊಟ್ಟೆ ಗುಡಾಣ, ಬಾಲ ಚಿಕ್ಕದು. ಅದು ತಿಂದು ದಪ್ಪಗಾದದ್ದಲ್ಲ. ಬೆನ್ನುಮೂಳೆ ಬಾಗಿ ಕುಗ್ಗಿರುವುದರಿಂದ ಒಳಗಿನ ಅಂಗಗಳೆಲ್ಲ ಒತ್ತಿಕೊಂಡು ಹೊಟ್ಟೆ ಮುಂದೆ ಬಂದಿದೆ. ಮಾಲಿ ಮೊಟ್ಟೆ ಇಡುವ ಮೀನಲ್ಲ, ಮರಿ ಹಾಕುವ ಮೀನು. ಆ ಇಕ್ಕಟ್ಟಿನಲ್ಲೇ ಬಸಿರನ್ನೂ ಹೊರಬೇಕು. ಇನ್ನು ಹಾರ್ಟ್ ಪ್ಯಾರಟ್ ಅಂತ ಮಾರುತ್ತಾರಲ್ಲ, ಅದರಲ್ಲಿ ಎಷ್ಟೋ ಮೀನುಗಳ ಬಾಲವನ್ನು ಮರಿಯಲ್ಲೇ ಕತ್ತರಿಸಿರುತ್ತಾರೆ. ಇದಕ್ಕೆ ತಳಿ ಅಂತ ಕೂಡ ಹೇಳುವ ಹಾಗಿಲ್ಲ, ಬರೀ ಕತ್ತರಿ ಕೆಲಸ.

ಗೋಲ್ಡ್ ಫಿಶ್ ಕಥೆ ಇದಕ್ಕಿಂತ ಹಳೆಯದು. ಅದರ ಬಗ್ಗೆ ನನಗೂ ಸ್ವಲ್ಪ ಪಾಪಪ್ರಜ್ಞೆ ಇದೆ. ಚೀನಾದಲ್ಲಿ ಸಾವಿರ ವರ್ಷಕ್ಕೂ ಹಿಂದೆ, ಬೂದು ಬಣ್ಣದ ಕಾರ್ಪ್ ಜಾತಿಯ ಮೀನಿನಲ್ಲಿ ಕೆಂಪಗೆ ಹುಟ್ಟಿದ ಮರಿಗಳನ್ನು ಆರಿಸಿ ಸಾಕಲು ಶುರು ಮಾಡಿದರು. ಬಣ್ಣಕ್ಕೆ ನಿಂತಿದ್ದರೆ ತಕರಾರಿರಲಿಲ್ಲ. ಆಮೇಲೆ ಬಾಲ ಎರಡಾಯಿತು, ಮೈ ಮೊಟ್ಟೆಯಾಯಿತು, ಕೆಲವಕ್ಕೆ ಬೆನ್ನಿನ ರೆಕ್ಕೆಯೇ ಹೋಯಿತು. ಬಬಲ್ ಐ ಅನ್ನುವ ತಳಿಗೆ ಎರಡೂ ಕಣ್ಣಿನ ಕೆಳಗೆ ನೀರು ತುಂಬಿದ ಚೀಲ. ಅಲಂಕಾರದ ಕಲ್ಲಿಗೆ ತಾಗಿದರೂ ಒಡೆಯಬಹುದು. ಸೆಲೆಸ್ಟಿಯಲ್ ಅನ್ನುವುದಕ್ಕೆ ಕಣ್ಣು ಸದಾ ಮೇಲೆ. ಕೆಳಗೆ ಬಿದ್ದ ಊಟ ಕಾಣುವುದಿಲ್ಲ.

ಕೆಲವು ವರ್ಷದ ಹಿಂದೆ ನಾನೊಂದು ಒರಾಂಡಾ ತಂದಿದ್ದೆ. ತಲೆಯ ಮೇಲೆ ಹೂಕೋಸಿನ ಹಾಗೆ ಮಾಂಸದ ಗಡ್ಡೆ ಇರುವ ಜಾತಿ. ಅಂಗಡಿಯವರು "ದೊಡ್ಡದಾದಷ್ಟೂ ರೇಟ್ ಜಾಸ್ತಿ ಸಾರ್" ಅಂದಿದ್ದರು. ದೊಡ್ಡದೇನೋ ಆಯಿತು. ಬೆಳೆದು ಬೆಳೆದು ಎಡಗಣ್ಣು ಮುಚ್ಚಿತು, ಆಮೇಲೆ ಬಲಗಣ್ಣೂ ಅರ್ಧ ಮುಚ್ಚಿತು. ಊಟ ಹಾಕಿದರೆ ವಾಸನೆ ಹಿಡಿದು ಬೇರೆ ಕಡೆಗೇ ಹೋಗುತ್ತಿತ್ತು. ತಿಂದ ಮೇಲೆ ಇನ್ನೊಂದು ಪಾಡು: ಹೊಟ್ಟೆ ಮೇಲಾಗಿ ತೇಲುವುದು. ಮೀನಿನ ಒಳಗೆ ಗಾಳಿಚೀಲ ಇರುತ್ತದೆ, ನೀರಿನಲ್ಲಿ ನೆಟ್ಟಗೆ ನಿಲ್ಲಲು. ಮೈ ಉಂಡೆ ಮಾಡಿದಾಗ ಆ ಚೀಲಕ್ಕೂ ಜಾಗ ಕಮ್ಮಿ. ಬಟಾಣಿ ಬೇಯಿಸಿ, ಹಿತಕಿದ ಅವರೆಗೆ ಹಿಸುಕುವ ಹಾಗೆ ಸಿಪ್ಪೆಯಿಂದ ಹಿಸುಕಿ ತೆಗೆದು ತಿನ್ನಿಸುತ್ತಿದ್ದೆ. ಎರಡು ದಿನ ನೆಟ್ಟಗಾಗುತ್ತಿತ್ತು, ಮೂರನೇ ದಿನ ಮತ್ತೆ ಮೇಲು ಕೆಳಗು. ಮನೆಗೆ ಬಂದ ನೆಂಟರ ಮಕ್ಕಳು "ಮೀನು ಪಲ್ಟಿ ಹೊಡೀತಿದೆ" ಅಂತ ನಗುತ್ತಿದ್ದರು. ಚೆನ್ನಾಗಿ ಸಾಕಿದರೆ ಗೋಲ್ಡ್ ಫಿಶ್ ಇಪ್ಪತ್ತು ವರ್ಷ ಬದುಕಬಲ್ಲ ಮೀನು. ನನ್ನದು ಎರಡೂವರೆ ವರ್ಷಕ್ಕೆ ಹೋಯಿತು.

"ಮೀನಿಗೆ ನೋವು ಎಲ್ಲಿ ಗೊತ್ತಾಗುತ್ತೆ ಬಿಡಿ" ಅನ್ನುವವರು ಇದ್ದಾರೆ. ಬ್ರಿಟನ್ನಿನಲ್ಲಿ ಲಿನ್ ಸ್ನೆಡನ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಟ್ರೌಟ್ ಮೀನಿನ ತುಟಿಗೆ ವಿನೆಗರ್‌ನಲ್ಲಿರುವಂಥ ಆಮ್ಲ ಚುಚ್ಚಿದಾಗ ಅವು ತುಟಿಯನ್ನು ತಳದ ಕಲ್ಲಿಗೆ ಉಜ್ಜಿಕೊಂಡವು, ಬಹಳ ಹೊತ್ತು ಊಟ ಮುಟ್ಟಲಿಲ್ಲ. ಮಾರ್ಫಿನ್ ಕೊಟ್ಟಾಗ ಉಜ್ಜುವುದು ಕಮ್ಮಿಯಾಯಿತು. ಅದು ನಮ್ಮ ಥರದ ನೋವೇನಾ ಅಂತ ವಿಜ್ಞಾನಿಗಳು ಇನ್ನೂ ಜಗಳ ಆಡುತ್ತಿದ್ದಾರೆ. ಪ್ಯಾರಟ್ ವಿಷಯದಲ್ಲಿ ನನಗೆ ಆ ಜಗಳವೇ ಬೇಡ. ಬಾಯಿ ತೆರೆದೇ ಇರುವುದು ಹೊತ್ತು ಹೊತ್ತಿಗೂ ನೋಯುತ್ತದೆ ಅಂತ ನಾನು ಹೇಳುತ್ತಿಲ್ಲ. ತಿನ್ನುವುದು, ಈಜುವುದು, ನೋಡುವುದು ಮೀನಿನ ದಿನಗೆಲಸ. ಅದನ್ನೇ ಕಷ್ಟ ಮಾಡಿಟ್ಟಿದ್ದಾರೆ, ಅದೂ ನಮ್ಮ ಕಣ್ಣಿಗೆ ಚೆಂದ ಕಾಣಲಿ ಅಂತ. ನನ್ನ ತಕರಾರು ಇಷ್ಟೇ.

ಮನುಷ್ಯ ಕೈ ಹಾಕಿದ್ದೆಲ್ಲ ತಪ್ಪು ಅಂತ ಮಾತ್ರ ತಿಳಿಯಬೇಡಿ. ಹೊಳೆಯುವ ಗ್ಲೋ ಮೀನು ಗೊತ್ತಲ್ಲ? ನಮ್ಮ ಕಡೆಯದ್ದೇ ಆದ ಜೀಬ್ರಾ ಮೀನಿಗೆ ಸಿಂಗಪುರದ ವಿಜ್ಞಾನಿಗಳು 1999ರಲ್ಲಿ ಜೆಲ್ಲಿ ಫಿಶ್‌ನ ಜೀನ್ ಸೇರಿಸಿ ಮಾಡಿದ್ದು. ಕೇಳಿದರೆ ಭಯ ಆಗುತ್ತದೆ. ನಮ್ಮ ದೇಶದಲ್ಲಿ ಇಂಥ ಕುಲಾಂತರಿ ಜೀವಿ ಮಾರಲು ಕೇಂದ್ರದ ಅನುಮತಿ ಬೇಕು, ಆ ಪ್ರಶ್ನೆ ಬೇರೆ. ಆದರೆ ಅದರ ಬೆನ್ನು ನೆಟ್ಟಗಿದೆ, ಬಾಯಿ ಮುಚ್ಚುತ್ತದೆ, ಬಾಣದ ಹಾಗೆ ಈಜುತ್ತದೆ. ಲ್ಯಾಬಿನ ವಾಸನೆಯೂ ಸೋಕದ ಬಲೂನ್ ಮಾಲಿಯ ಪಾಡೇ ಅದಕ್ಕಿಂತ ಕಷ್ಟ.

ಕಾನೂನು ಏನು ಹೇಳುತ್ತದೆ ಅಂತ ಕೇಳುವವರೂ ಇದ್ದಾರೆ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿಯೂ ಪ್ರಾಣಿಯೇ, ಮೀನೂ ಸೇರಿ. ಊನದ ತಳಿ ಬೆಳೆಸಬೇಡಿ ಅನ್ನುವ ಮಾತು ಮಾತ್ರ ಅದರಲ್ಲಿ ಇಲ್ಲ. ಅಕ್ವೇರಿಯಂ ಅಂಗಡಿಗಳಿಗೆಂದೇ 2017ರಲ್ಲಿ ಕೇಂದ್ರ ನಿಯಮ ತಂದಿತ್ತು, ಆಮೇಲೆ ವಾಪಸ್ ತೆಗೆದುಕೊಂಡಿತು. ಜರ್ಮನಿಯಲ್ಲಿ ಹಿಂಸೆ ಕೊಡುವಂಥ ತಳಿ ಬೆಳೆಸಬಾರದು ಅಂತ ಕಾನೂನಿನಲ್ಲೇ ಬರೆದಿದೆ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ: ಕೊಳ್ಳಬೇಡಿ. "ಪಾಪ, ಅಂಗಡಿಯಲ್ಲಿ ಸಾಯೋದಕ್ಕಿಂತ ನಮ್ಮನೇಲಿ ಚೆನ್ನಾಗಿರಲಿ" ಅಂತ ಕೊಳ್ಳುವವರು ಬಹಳ. ಆಸೆ ಒಳ್ಳೆಯದೇ. ಆದರೆ ಅಂಗಡಿಯವರ ಲೆಕ್ಕದಲ್ಲಿ ಅದೂ ಒಂದು ವ್ಯಾಪಾರ. ತೊಟ್ಟಿ ಖಾಲಿಯಾದರೆ ಚೆನ್ನೈನ ಕೊಳತ್ತೂರು ಕಡೆಯಿಂದಲೋ ಇನ್ನೆಲ್ಲಿಂದಲೋ ಮುಂದಿನ ವಾರ ಇನ್ನೊಂದು ಕವರ್ ಬರುತ್ತದೆ. ಅಂಗಡಿಯವರನ್ನು ಬೈದು ಉಪಯೋಗವಿಲ್ಲ, ಅವರು ಓಡುವ ಮಾಲು ಇಡುತ್ತಾರೆ.

ಈಗಾಗಲೇ ಮನೆಯಲ್ಲಿ ಪ್ಯಾರಟ್ ಇದ್ದರೆ ಅದರ ತಪ್ಪೇನಿಲ್ಲ, ನೋಡಿಕೊಳ್ಳಿ. ಮುಳುಗುವ ಚಿಕ್ಕ ಕಾಳು ಹಾಕಿ, ಜಗಳಗಂಟ ಮೀನಿನ ಜೊತೆ ಬಿಡಬೇಡಿ. ಕಚ್ಚಿದರೆ ತಿರುಗಿ ಕಚ್ಚಲು ಅದಕ್ಕೆ ಬಾಯಿಲ್ಲ. ಬೇಜಾರಾಯಿತು ಅಂತ ಕೆರೆಗೆ ಮಾತ್ರ ಬಿಡಬೇಡಿ. ತೊಟ್ಟಿಯಿಂದ ಹೋದ ಸಕ್ಕರ್ ಮೀನುಗಳ ಕಾಟವೇ ನಮ್ಮ ಕೆರೆಗಳಿಗೆ ಸಾಕಾಗಿದೆ.

ಮಗನಿಗೆ ಏನು ಕೊಡಿಸುವುದು? ನಿಮ್ಮ ಮನೆಗೆ ಬೋರ್‌ವೆಲ್ ನೀರು ಬರುತ್ತಿದ್ದರೆ ಮಾಮೂಲಿ ಮಾಲಿ ತನ್ನಿ, ಗಡಸು ನೀರು ಅದಕ್ಕೆ ಒಗ್ಗುತ್ತದೆ. ಅಂಗಡಿಯಲ್ಲಿ "ಬಲೂನ್ ಬೇಡ, ಉದ್ದ ಮೈದು ಕೊಡಿ" ಅಂತ ಕೇಳಿ. ಕಾವೇರಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿ, ಆರೆಂಟು ಜೀಬ್ರಾ ಮೀನು ಬಿಡಿ. ಇಡೀ ದಿನ ಓಟ, ಒಂದರ ಹಿಂದೆ ಒಂದು. ತೊಟ್ಟಿಗೆ ಮುಚ್ಚಳ ಇರಲಿ, ಅವು ಆಚೆ ಹಾರುತ್ತವೆ.