ಸಂಜೆ ತರಗತಿಗೆ ಹಣ ಯಾವ ಲೆಕ್ಕದಿಂದ?

ಸರ್ಕಾರಿ ಶಾಲೆಗಳ ಅಭಿವೃದ್ಧಿ ಯೋಜನೆ ಮತ್ತು ಲೆಕ್ಕಪತ್ರ ಸಿದ್ಧಪಡಿಸುವಲ್ಲಿ ಎಸ್‌ಡಿಎಂಸಿಗಳಿಗೆ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ) ನೆರವಾಗುವುದು ನನ್ನ ವೃತ್ತಿ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ಪರಿಹಾರ ಬೋಧನೆ ನಡೆಸಬೇಕೆಂದು ನಿರ್ಧರಿಸಿದ ಸಮಿತಿಗಳು ಸಾಮಾನ್ಯವಾಗಿ ಮೊದಲು ಕೇಳುವುದು, ಶಾಲೆಯ ಖಾತೆಗೆ ಪ್ರತಿವರ್ಷ ಬರುವ ಸಂಯುಕ್ತ ಶಾಲಾ ಅನುದಾನದಿಂದ ಇದಕ್ಕೆ ಖರ್ಚು ಹಾಕಬಹುದೇ ಎಂದು. ನಿಯಮಕ್ಕಿಂತ ಮೊದಲು ಅಂಕಗಣಿತವೇ ಇದಕ್ಕೆ ಉತ್ತರ ಹೇಳುತ್ತದೆ.

ಶಾಲಾ ಶಿಕ್ಷಣಕ್ಕಾಗಿ ಕೇಂದ್ರ ಮತ್ತು ರಾಜ್ಯ ಸೇರಿ ನಡೆಸುವ ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100 ಮಕ್ಕಳಿರುವ ಶಾಲೆಗೆ 25,000 ರೂಪಾಯಿ ನಿಗದಿಯಾಗಿದೆ. ಇದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಮೀಸಲು. ಉಳಿದದ್ದರಲ್ಲಿ ವಿದ್ಯುತ್ ಬಿಲ್ಲು, ಸಣ್ಣಪುಟ್ಟ ದುರಸ್ತಿ, ಬೋಧನೋಪಕರಣ ಎಲ್ಲವೂ ನಡೆಯಬೇಕು. ಊರಿನ ಒಬ್ಬ ಪದವೀಧರೆಗೆ ತಿಂಗಳಿಗೆ ಕೇವಲ 1,000 ರೂಪಾಯಿ ಗೌರವಧನ ಕೊಡುತ್ತೇವೆಂದುಕೊಂಡರೂ ಹತ್ತು ತಿಂಗಳಿಗೆ 10,000 ರೂಪಾಯಿ ಆಗುತ್ತದೆ, ಅಂದರೆ ಮಲೆನಾಡಿನ ಚಿಕ್ಕ ಶಾಲೆಯೊಂದರ ಇಡೀ ವರ್ಷದ ಅನುದಾನ. ಶಾಲೆಯನ್ನು ನಡೆಸಲು ಕೊಟ್ಟ ಹಣದಲ್ಲಿ ಶಾಲೆಯ ನಂತರದ ಪಾಠವನ್ನೂ ನಡೆಸಿ ಎನ್ನುವುದು ಎಷ್ಟು ಅವಾಸ್ತವ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಹಾಗೆಂದು ಹೆಚ್ಚುವರಿ ಬೋಧನೆ ಯಾರೋ ತೋರುವ ಔದಾರ್ಯವಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದಲ್ಲಿ ಹೆಚ್ಚುವರಿ ಪಾಠ ಹೇಳುವುದನ್ನು ಶಿಕ್ಷಕರ ಕರ್ತವ್ಯಗಳಲ್ಲಿಯೇ ಸೇರಿಸಿದೆ. ಆದರೆ ಅದೇ ಕಾಯ್ದೆಯ ಅನುಸೂಚಿ ಪೂರ್ವಸಿದ್ಧತೆಯೂ ಸೇರಿದಂತೆ ವಾರಕ್ಕೆ ಕನಿಷ್ಠ 45 ಗಂಟೆಗಳ ಕೆಲಸವನ್ನು ಅವರಿಗೆ ಗೊತ್ತುಮಾಡಿದೆ. ಇಬ್ಬರೇ ಶಿಕ್ಷಕರು ಐದು ತರಗತಿಗಳನ್ನು ನೋಡಿಕೊಳ್ಳುವ ಕಡೆ ಅದರ ಮೇಲೆ ಸಂಜೆಯ ಹೊಣೆಯನ್ನೂ ಹೊರಿಸಿದರೆ ಆ ತರಗತಿ ಹಾಜರಿ ಪುಸ್ತಕದಲ್ಲಷ್ಟೇ ನಡೆಯುತ್ತದೆ. ಪಾಲಕರಿಂದ ತಿಂಗಳಿಗಿಷ್ಟು ಎಂದು ವಂತಿಗೆ ಎತ್ತಿ ಶಿಕ್ಷಕರಿಗೇ ಕೊಡೋಣವೆಂಬ ಸಲಹೆಯೂ ಆಗಾಗ ಕೇಳಿಬರುತ್ತದೆ. ಸದುದ್ದೇಶವೇ ಇದ್ದರೂ, ಶಿಕ್ಷಕರು ಖಾಸಗಿ ಪಾಠ ಹೇಳಬಾರದೆನ್ನುವ 28ನೇ ಕಲಮಿನಡಿ ಇದು ಆಕ್ಷೇಪಕ್ಕೆ ಗುರಿಯಾಗುವುದರಿಂದ ನಾನು ಇದನ್ನು ಒಪ್ಪುವುದಿಲ್ಲ.

ಗ್ರಾಮ ಪಂಚಾಯಿತಿಯತ್ತ ನೋಡುವವರೂ ಇದ್ದಾರೆ. ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಪಂಚಾಯಿತಿಗಳಿಗೆ ವಹಿಸಬಹುದಾದ ಕೆಲಸಗಳನ್ನು ಪಟ್ಟಿಮಾಡುವ ಸಂವಿಧಾನದ ಹನ್ನೊಂದನೇ ಅನುಸೂಚಿಯ ವಿಷಯಗಳಲ್ಲೊಂದಾಗಿರುವುದರಿಂದ, 2021–26ರ ಅವಧಿಯ ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಷರತ್ತಿಲ್ಲದ ಭಾಗವನ್ನು ಸ್ಥಳೀಯ ಅಗತ್ಯವೆಂದು ಶಾಲೆಗೆ ಬಳಸಲು ದಾರಿಯಿತ್ತು. ಆದರೆ ಆ ಹಣದಿಂದ ಸಂಬಳ ಮತ್ತು ಸಿಬ್ಬಂದಿ ವೆಚ್ಚ ಭರಿಸುವಂತಿರಲಿಲ್ಲ. ದೀಪ, ಚಾಪೆ, ಕಪ್ಪು ಹಲಗೆಗೆ ಹಣ ಸಿಗುತ್ತಿತ್ತು, ಪಾಠ ಹೇಳುವವರಿಗೆ ಸಿಗುತ್ತಿರಲಿಲ್ಲ. ಸರ್ಕಾರಿ ಅನುದಾನದ ಬಹುತೇಕ ಶೀರ್ಷಿಕೆಗಳ (ಖರ್ಚಿನ ಬಾಬ್ತುಗಳ) ಸ್ವಭಾವವೇ ಇದು: ಲೆಕ್ಕಪರಿಶೋಧಕರು ಮುಟ್ಟಿ ನೋಡಬಹುದಾದ ವಸ್ತುವಿಗೆ ಬೇಗ ಮಂಜೂರಾತಿ, ಮನುಷ್ಯನ ಸಮಯಕ್ಕೆ ನೂರು ಪ್ರಶ್ನೆ. ಸಂಜೆ ತರಗತಿಯಲ್ಲಾದರೋ ಮುಖ್ಯ ವೆಚ್ಚವೇ ಮನುಷ್ಯನ ಸಮಯ.

ಇದನ್ನು ನೇರವಾಗಿ ಒಪ್ಪಿಕೊಂಡ ಉದಾಹರಣೆ ನೆರೆಯ ತಮಿಳುನಾಡಿನಲ್ಲಿದೆ. ಕೋವಿಡ್ ನಂತರ, 2021ರ ಅಕ್ಟೋಬರ್‌ನಲ್ಲಿ ವಿಳುಪ್ಪುರಂ ಜಿಲ್ಲೆಯಲ್ಲಿ ಚಾಲನೆಗೊಂಡ ‘ಇಲ್ಲಂ ತೇಡಿ ಕಲ್ವಿ’ (ಮನೆ ಅರಸಿ ಬರುವ ಶಿಕ್ಷಣ) ಯೋಜನೆಯಲ್ಲಿ ಊರಿನವರೇ ಆದ ಸ್ವಯಂಸೇವಕರು ಸಂಜೆ ಹೊತ್ತು ಮಕ್ಕಳ ಮನೆಗಳ ಹತ್ತಿರವೇ ಕಲಿಸಿದರು. ಸರ್ಕಾರ ಅವರಿಗೆ ತಿಂಗಳಿಗೆ 1,000 ರೂಪಾಯಿ ಕೊಟ್ಟಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಸಿಂಗ್, ಮೌರಿಸಿಯೊ ರೊಮೆರೊ ಮತ್ತು ಕಾರ್ತಿಕ್ ಮುರಳೀಧರನ್ ಅಲ್ಲಿನ ಗ್ರಾಮೀಣ ಮಕ್ಕಳನ್ನು ಅಳೆದು ನೋಡಿದಾಗ, ಶಾಲೆಗಳು ತೆರೆದ ಆರು ತಿಂಗಳೊಳಗೆ ಕಲಿಕಾ ನಷ್ಟದ ಸುಮಾರು ಮೂರನೇ ಎರಡರಷ್ಟು ಭರ್ತಿಯಾಗಿತ್ತು, ಆ ಚೇತರಿಕೆಯ ಹೆಚ್ಚುಕಡಿಮೆ ಕಾಲು ಭಾಗ ಈ ಸಂಜೆ ತರಗತಿಗಳದ್ದಾಗಿತ್ತು. ಸಾವಿರ ರೂಪಾಯಿ ನ್ಯಾಯವಾದ ಗೌರವಧನವೇ ಎಂಬುದು ಬೇರೆ ಚರ್ಚೆ. ನನ್ನ ದೃಷ್ಟಿಯಲ್ಲಿ ಅಲ್ಲ. ಆದರೆ ಹಣ ನೇರವಾಗಿ ಕಲಿಸುವವರ ಕೈಗೆ ಹೋಯಿತು ಎಂಬುದು ಗಮನಿಸಬೇಕಾದ ಅಂಶ.

ನಮ್ಮಲ್ಲಿ ಸಂಜೆಯ ವಿಶೇಷ ತರಗತಿಯೆಂದರೆ ಬಹುಮಟ್ಟಿಗೆ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಪರೀಕ್ಷೆಯ ಹೊಸ್ತಿಲಲ್ಲಿ ನಡೆಯುವ ತಯಾರಿ. ಜಿಲ್ಲೆಯ ಫಲಿತಾಂಶದ ಸ್ಥಾನ ಎಲ್ಲರ ಕಣ್ಣಿಗೆ ಬೀಳುವುದರಿಂದ ಗಮನವೂ ದಾನಿಗಳ ಹಣವೂ ಅತ್ತಲೇ ಹರಿಯುತ್ತವೆ. ನಾಲ್ಕನೇ ತರಗತಿಯಲ್ಲಿ ಕಳೆಯುವ ಲೆಕ್ಕ ಬಾರದ ಮಗುವಿಗೆ ಹತ್ತನೇ ತರಗತಿಯ ಫೆಬ್ರುವರಿಯಲ್ಲಿ ಬೀಜಗಣಿತದ ಮಾದರಿ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಅದೇ ಹಣವನ್ನು ಮೂರರಿಂದ ಐದನೇ ತರಗತಿಗಳಿಗೆ ಜೂನ್‌ನಿಂದಲೇ ತಿಂಗಳು ತಿಂಗಳು ವಿನಿಯೋಗಿಸುವುದು ಸರಿ ಎಂದು ನಾನು ಪ್ರತಿ ಸಮಿತಿಗೂ ಹೇಳುತ್ತೇನೆ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಿಗೆ ಈ ಮಾತು ಅಷ್ಟಾಗಿ ರುಚಿಸುವುದಿಲ್ಲ, ಅದು ಸಹಜವೇ.

ಸಮಿತಿಗಳು ಈಗ ಮಾಡಬಹುದಾದ ಕೆಲಸ ಡಿಸೆಂಬರ್ ಮುಗಿಯುವುದಕ್ಕೆ ಮೊದಲಿನದು. ಕಾಯ್ದೆಯ 22ನೇ ಕಲಮಿನ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆಯೇ ಸರ್ಕಾರದ ಯೋಜನೆಗೂ ಅನುದಾನಕ್ಕೂ ಆಧಾರವಾಗಬೇಕು; ಕೇಂದ್ರದ ಮಾದರಿ ನಿಯಮಗಳು ಹಣಕಾಸು ವರ್ಷ ಮುಗಿಯುವ ಮೂರು ತಿಂಗಳ ಮೊದಲೇ ಅದು ಸಿದ್ಧವಿರಬೇಕೆನ್ನುತ್ತವೆ. ಬಹಳಷ್ಟು ಯೋಜನೆಗಳಲ್ಲಿ ಕಾಂಪೌಂಡು, ಶೌಚಾಲಯ, ಸುಣ್ಣಬಣ್ಣ ಇರುತ್ತವೆಯೇ ಹೊರತು ಹೆಚ್ಚುವರಿ ಬೋಧನೆಯ ಒಂದು ಸಾಲೂ ಇರುವುದಿಲ್ಲ. ಬರೆಯದೇ ಇದ್ದದ್ದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ತಲುಪುವುದಿಲ್ಲ, ಕೇಂದ್ರ ಶೇ 60, ರಾಜ್ಯ ಶೇ 40ರಷ್ಟು ಭರಿಸುವ ಸಮಗ್ರ ಶಿಕ್ಷಣದ ವಾರ್ಷಿಕ ಕ್ರಿಯಾಯೋಜನೆಗೂ ಸೇರುವುದಿಲ್ಲ. ಎಷ್ಟು ಮಕ್ಕಳಿಗೆ ಯಾವ ವಿಷಯದಲ್ಲಿ ಎಷ್ಟು ತಿಂಗಳ ಪಾಠ ಬೇಕು, ಯಾರು ಕಲಿಸುತ್ತಾರೆ, ಸಂಜೆಯ ತಿಂಡಿಗೆ ಎಷ್ಟು ಎಂಬುದನ್ನು ಬಿಡಿಬಿಡಿಯಾಗಿ ಬರೆಯಬೇಕು. ಪಿಎಂ ಪೋಷಣ್ ಮಧ್ಯಾಹ್ನದ ಊಟಕ್ಕೆ ಮಾತ್ರ; ಹನ್ನೆರಡೂವರೆ, ಒಂದು ಗಂಟೆಗೆ ಉಂಡ ಮಗು ಐದರ ಹೊತ್ತಿಗೆ ಹಸಿದಿರುತ್ತದೆ ಎಂಬುದಕ್ಕೆ ಯಾವ ಶೀರ್ಷಿಕೆಯೂ ಇಲ್ಲ.

ಜಾಗದ ಚಿಂತೆ ಅಷ್ಟಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ ಮಕ್ಕಳ ಮನೆಗಳಿಗೆ ಹತ್ತಿರವಿದ್ದರೆ ಅಲ್ಲಿ ನಡೆಸುವುದೇ ಮೇಲು. ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ದೂರದ ಶಾಲೆಯಿಂದ ಕರೆತರುವ ತೊಂದರೆ ತಪ್ಪುತ್ತದೆ.

ಇನ್ನು ದಾಖಲೆಯ ವಿಷಯ. ಗೌರವಧನವನ್ನು ನಗದಾಗಿ ಕೊಡದೆ ಬ್ಯಾಂಕ್ ಖಾತೆಗೇ ಜಮೆ ಮಾಡಬೇಕು, ಸಮಿತಿಯ ನಡಾವಳಿಯಲ್ಲಿ ಆಯ್ಕೆಯ ಕಾರಣ ಬರೆದಿರಬೇಕು, ಹಾಜರಿಯ ಜೊತೆಗೆ ಪ್ರತಿ ಮಗು ಜೂನ್‌ನಲ್ಲಿ ಏನನ್ನು ಓದಲಾರದಾಗಿತ್ತು, ನವೆಂಬರ್‌ನಲ್ಲಿ ಏನನ್ನು ಓದುತ್ತಿದೆ ಎಂಬ ಒಂದು ಪುಟದ ವಿವರ ಇರಬೇಕು. ಅನುದಾನ ಖರ್ಚಾದ ಬಗ್ಗೆ ಸಲ್ಲಿಸುವ ಬಳಕೆ ಪ್ರಮಾಣಪತ್ರಕ್ಕೆ ಕೊನೆಯದನ್ನು ಯಾರೂ ಕೇಳುವುದಿಲ್ಲ; ಆದರೂ ಮುಂದಿನ ವರ್ಷ ಹಣ ಕೇಳಲು ಹೋದಾಗ ಪಂಚಾಯಿತಿ ಸದಸ್ಯರು ಓದುವುದು ಆ ಪುಟವನ್ನೇ.